ಹಸಿರು ಉಂಡೆಯೂ ಊಲಾಂಗ್, ಕಪ್ಪು ಎಲೆಯೂ ಊಲಾಂಗ್

ಪ್ರಶ್ನೆ: ಎರಡು ಪೊಟ್ಟಣ ಊಲಾಂಗ್ ಚಹಾ ಉಡುಗೊರೆ ಬಂದಿದೆ. ಒಂದರಲ್ಲಿ ಹಸಿರು ಉಂಡೆಗಳು, ಹೂವಿನ ಘಮ. ಇನ್ನೊಂದರಲ್ಲಿ ಕಪ್ಪಗೆ ಸುರುಳಿ ಸುತ್ತಿದ ಉದ್ದ ಎಲೆ, ಕುಡಿದರೆ ಹುರಿದ ವಾಸನೆ. ಒಂದು ನಕಲಿ ಇರಬಹುದೇ?

ಉತ್ತರ: ಗಾಬರಿ ಬೇಡ, ಎರಡೂ ಅಸಲಿ ಇರಬಹುದು. ಗ್ರೀನ್ ಟೀ ಎಲೆಗೆ ಬೇಗನೆ ಬಿಸಿ ತಾಗಿಸಿ, ಕಂದು ತಿರುಗದಂತೆ ತಡೆಯುತ್ತಾರೆ. ಕಪ್ಪು ಚಹಾವನ್ನು, ಅಂದರೆ ನಮ್ಮ ದಿನದ ಚಹಾಪುಡಿಯ ಎಲೆಯನ್ನು, ಪೂರ್ತಿ ತಿರುಗಲು ಬಿಡುತ್ತಾರೆ. ಊಲಾಂಗ್ ಇವೆರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಬಾಡಿದ ಎಲೆಯನ್ನು ಕುಲುಕಿ ಕುಲುಕಿ ಅಂಚು ತರಚುವಂತೆ ಮಾಡುತ್ತಾರೆ. ಅಲ್ಲಿಂದ ಕೆಂಪು ಹಬ್ಬುತ್ತದೆ. ಕೊನೆಗೆ ಎಷ್ಟು ಹುರಿದರು ಅನ್ನೋದು ಇನ್ನೊಂದು ಲೆಕ್ಕ.

ನಿಮ್ಮ ಹಸಿರು ಉಂಡೆ ಚೀನಾದ ಆನ್‌ಶಿ ಕಡೆಯ ಟಿಯೆಗ್ವಾನ್‌ಯಿನ್ ಇರಬಹುದು, ಇಲ್ಲವೇ ತೈವಾನಿನ ಎತ್ತರದ ಬೆಟ್ಟಗಳದ್ದು. ಕಪ್ಪು ಎಲೆ ಬಹುಶಃ ಚೀನಾದ ವೂಯಿ ಬೆಟ್ಟದ್ದು. ಅಲ್ಲಿನ ರೋಗ್ವೇ ಎಂಬ ಚಹಾದಲ್ಲಿ ದಾಲ್ಚಿನ್ನಿಯ ಸುಳಿವಿರುತ್ತದೆ. ಅಲ್ಲಿನದೇ ದಾ ಹೊಂಗ್ ಪಾವ್ ಎಂಬ ಹೆಸರಾಂತ ಚಹಾದ ಪೊಟ್ಟಣದ ಮೇಲೆ 'ಮೂಲ ಗಿಡದ ಎಲೆ' ಎಂದಿದ್ದರೆ ಮಾತ್ರ ನಂಬಬೇಡಿ. ಬಂಡೆಯ ಮೇಲಿನ ಆ ಆರು ಹಳೇ ಮೂಲ ಗಿಡಗಳ ಕೊಯ್ಲು 2006ರಲ್ಲೇ ನಿಂತಿದೆ.

ನನಗೆ ಜಾಸ್ತಿ ಇಷ್ಟ ತೈವಾನಿನ ಡೊಂಗ್‌ಫಾಂಗ್ ಮೇರೆನ್ ಎಂಬ ಊಲಾಂಗ್. ಬೇಸಿಗೆಯಲ್ಲಿ ಸಣ್ಣ ಹಸಿರು ಜಿಗಿಹುಳ ಬಂದು ಚಿಗುರಿನ ರಸ ಹೀರುತ್ತದೆ. ಗಿಡ ತನ್ನನ್ನು ಕಾಪಾಡಿಕೊಳ್ಳಲು ಒಂದಿಷ್ಟು ಪರಿಮಳದ ರಾಸಾಯನಿಕಗಳನ್ನು ಹೊರಬಿಡುತ್ತದೆ. ಅದೇ ಮುಂದೆ ಬಟ್ಟಲಲ್ಲಿ ಜೇನು, ಮಾಗಿದ ಹಣ್ಣಿನ ರುಚಿ! ಹುಳ ಬರಲಿ ಎಂದು ಕಾಯುವ ಬೆಳೆಗಾರರು ಬೇರೆಲ್ಲಿ ಸಿಕ್ಕಾರು? ಔಷಧ ಹೊಡೆದರೆ ಹುಳವೂ ಇಲ್ಲ, ಆ ಜೇನೂ ಇಲ್ಲ.

ನಕಲಿಯ ಅನುಮಾನ ಪಡಬೇಕಾದ್ದು 'ಮಿಲ್ಕ್ ಊಲಾಂಗ್' ಹತ್ತಿರ. ಅಸಲಿಯದು ತೈವಾನಿನಲ್ಲಿ 1981ರಲ್ಲಿ ಬಿಡುಗಡೆಯಾದ ಜಿನ್ ಶ್ವಾನ್ ಎಂಬ ಚಹಾ ತಳಿಯದು; ಅದಕ್ಕೆ ತಾನಾಗಿಯೇ ತೆಳುವಾದ ಕೆನೆಯ ಘಮವಿದೆ. ಪೊಟ್ಟಣ ಬಿಚ್ಚಿದ ಕೂಡಲೇ ಹಾಲಿನ ಚಾಕಲೇಟಿನಂತೆ ಮೂಗಿಗೆ ಹೊಡೆದರೆ ಅದು ಮೇಲಿಂದ ಬೆರೆಸಿದ್ದು.

ಎರಡನ್ನೂ ಚಿಕ್ಕ ಪಾತ್ರೆಯಲ್ಲಿ ಮಾಡಿ. ಎಲೆ ಧಾರಾಳ ಇರಲಿ, ನೀರು ಕುದಿಯ ಹತ್ತಿರ ಇರಲಿ, ಅರ್ಧ ನಿಮಿಷಕ್ಕೆ ಸೋಸಿಬಿಡಿ. ಅದೇ ಎಲೆಗೆ ನಾಲ್ಕೈದು ಸಲ ನೀರು ಹಾಕಬಹುದು. ಉಂಡೆ ಬಿಚ್ಚಿಕೊಳ್ಳಲು ಹೊತ್ತು ಬೇಕು, ಹಾಗಾಗಿ ಎರಡನೇ ಸಲದ್ದೇ ಚೆನ್ನ. ಸಕ್ಕರೆ, ಹಾಲು ಬೇಡ್ವೇ ಬೇಡ. ಒಂದೇ ದಿನ ಎರಡನ್ನೂ ಕುಡಿಯುವುದಾದರೆ ಹಸಿರಿನದು ಮೊದಲು. ಹುರಿದದ್ದನ್ನು ಮೊದಲು ಕುಡಿದರೆ ಹೂವಿನ ಘಮ ಗೊತ್ತೇ ಆಗುವುದಿಲ್ಲ.