"ಐದು ತಿಂಗಳಿಂದ ಯಾರೂ ನನ್ನ ಹೆಸರು ಕೇಳಿಲ್ಲ"

(ಹೆಸರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ರವಿಗೆ 38 ವರ್ಷ, ತುಮಕೂರು ಕಡೆಯವರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸ, ಮನೆಯಿಂದಲೇ ಮಾಡಬಹುದು. ಹೆಂಡತಿ ವಿನಯಾ ಉಡುಪಿಯವರು. ಅತ್ತೆಗೆ ಮಂಡಿ ಆಪರೇಷನ್ ಆದ ಮೇಲೆ, ಈ ಟ್ರಾಫಿಕ್‌ನಲ್ಲಿ ಸಾಯೋದಕ್ಕಿಂತ ಉಡುಪಿಗೇ ಹೋಗೋಣ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದರು. ಮಾರ್ಚ್ ಕೊನೆಗೆ ಬಂದೂ ಆಯಿತು. ಮಾವನ ಮನೆಯ ಮಹಡಿ ಖಾಲಿ ಇತ್ತು. ಎಂಟು ವರ್ಷದ ಮಗಳಿಗೆ ಹತ್ತಿರದಲ್ಲೇ ಶಾಲೆ. ಖರ್ಚೂ ಕಡಿಮೆ.

ಆಗಸ್ಟ್‌ನಲ್ಲಿ ವಿನಯಾ ಗಂಡನನ್ನು ಕರೆದುಕೊಂಡು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದರು. ಸುಮ್ಮಸುಮ್ಮನೆ ಸಿಡುಕುತ್ತಾರೆ, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಬೆಂಗಳೂರಿನ ಬಸ್ ಟಿಕೆಟ್ ನೋಡುತ್ತಿರುತ್ತಾರೆ ಅನ್ನುವುದು ಅವರ ದೂರು. "ಇವರಿಗೆ ಇಲ್ಲಿ ಎಂತ ಕಡಿಮೆ ಆಗಿದೆ ಮೇಡಂ? ಅಪ್ಪ ಒಂದು ಮಾತು ಜೋರು ಹೇಳಿದವರಲ್ಲ."

ರವಿ ತುಂಬಾ ಹೊತ್ತು ಮಳೆಯ ಬಗ್ಗೆಯೇ ಮಾತಾಡಿದರು. ಬೀರುವಿನಲ್ಲಿದ್ದ ಬೆಲ್ಟಿನ ಮೇಲೆ ಬಿಳಿ ಬೂಷ್ಟು, ಒಣಗದ ಪ್ಯಾಂಟು, ಮೀಟಿಂಗ್ ನಡುವೆ ಹೋಗುವ ಕರೆಂಟು. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತುಮಕೂರು ಕಡೆ ಅದರ ಐದನೇ ಒಂದು ಪಾಲೂ ಬೀಳುವುದಿಲ್ಲ. ಹಾಗಾಗಿ ಅವರ ಗೋಳು ಸುಳ್ಳಲ್ಲ. ಆದರೆ ಬಟ್ಟೆ ಒಣಗಲಿಲ್ಲ ಅಂತ ಯಾರೂ ರಾತ್ರಿ ಎರಡಕ್ಕೆ ಎದ್ದು ಕೂರುವುದಿಲ್ಲ, ಅಲ್ವಾ? ನಾನು ಕಾದೆ.

ಆಮೇಲೆ ಸಿಗರೇಟಿನ ವಿಷಯ ಬಂತು. ರವಿಗೆ ದಿನಕ್ಕೊಂದು ಸಿಗರೇಟಿನ ಅಭ್ಯಾಸ. ಮೂಲೆಯ ಗೂಡಂಗಡಿಯಲ್ಲಿ ಮೊದಲ ಸಲ ಕೇಳಿದಾಗ ಅಂಗಡಿಯವನು ಕೊಡುತ್ತಾ, "ನೀವು ಮಾಸ್ಟ್ರ ಅಳಿಯ ಅಲ್ವಾ?" ಅಂದನಂತೆ. ಮಾವ ನಿವೃತ್ತ ಶಿಕ್ಷಕರು. ಸಂಜೆಯೊಳಗೆ ವಿಷಯ ಮನೆ ತಲುಪಿತ್ತು. ಯಾರೂ ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನದೇ ಇದ್ದದ್ದೇ ರವಿಗೆ ಜಾಸ್ತಿ ಚುಚ್ಚಿತು. "ಬ್ಯಾಂಕಲ್ಲಿ, ಕ್ಷೌರದಂಗಡೀಲಿ, ಎಲ್ಲಾ ಕಡೆ ನಾನು ಮಾಸ್ಟ್ರ ಅಳಿಯ. ಐದು ತಿಂಗಳಿಂದ ಯಾರೂ ನನ್ನ ಹೆಸರು ಕೇಳಿಲ್ಲ ಮೇಡಂ."

ಇನ್ನೊಂದು ಮಾತು ಹೇಳುವಾಗ ದನಿ ತಗ್ಗಿತು. ಮಗಳು ತುಳು ಕಲಿತುಬಿಟ್ಟಿದ್ದಾಳೆ. ಊಟಕ್ಕೆ ಕೂತಾಗ ಅಜ್ಜ ಏನೋ ಹೇಳುತ್ತಾರೆ, ಮಗು ನಗುತ್ತದೆ, ವಿನಯಾನೂ ನಗುತ್ತಾರೆ. ಇವರು ತಟ್ಟೆ ನೋಡುತ್ತಾರೆ. ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ. ರಾಗಿಮುದ್ದೆ ತಿಂದು ಬೆಳೆದವರು, ಒಂದು ದಿನವೂ ಮುದ್ದೆ ಬೇಕು ಅಂತ ಕೇಳಿಲ್ಲ. ಅತ್ತೆಗೆ ಬೇಜಾರಾಗಬಾರದು ಅಂತ. ವಿನಯಾಗೆ ಇದು ಅವತ್ತೇ ಗೊತ್ತಾದದ್ದು. ಜುಲೈಯಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆದಾಗ ತುಮಕೂರಿನಲ್ಲಿ ತಾಯಿಗೆ ಜ್ವರ. ಹೋಗಲಾಗಲಿಲ್ಲ. ನಿದ್ದೆ ಕೆಟ್ಟದ್ದು ಅಲ್ಲಿಂದ.

ಊಟ, ನಿದ್ದೆ, ಸಾಯುವ ಯೋಚನೆ, ಎಲ್ಲವನ್ನೂ ನೇರವಾಗಿ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ಇನ್ನೆರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಅಂತ ಹೇಳಿ, ಅಪರಾತ್ರಿ ಯಾರಾದರೂ ಬೇಕೆನಿಸಿದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇಂಥ ಕಡೆ "ಸ್ವಲ್ಪ ಹೊಂದಿಕೊಳ್ಳಿ" ಅನ್ನುವ ಸಲಹೆ ಸುಲಭ. ನನಗೆ ಅದರಲ್ಲಿ ನಂಬಿಕೆ ಇಲ್ಲ. ರವಿ ಹೊಂದಿಕೊಂಡಿದ್ದೇ ಜಾಸ್ತಿಯಾಗಿತ್ತು. ಅವರ ಕಷ್ಟ ಉಡುಪಿಯದ್ದಲ್ಲ. ಕೆಲಸ, ಊಟ, ಪರಿಚಯ ಎಲ್ಲವೂ ಒಂದೇ ಮನೆಯ ಬಾಗಿಲಿನಿಂದ ಬರುತ್ತಿತ್ತು. ಸಣ್ಣ ಊರಿನಲ್ಲಿ ಜನ ನಿಮ್ಮನ್ನು ಯಾರದ್ದೋ ಮೂಲಕವೇ ಗುರುತಿಸುತ್ತಾರೆ. ಆ "ಯಾರೋ" ಯಾವಾಗಲೂ ಮಾವನೇ ಆದರೆ ಗಂಡಸಿಗಾಗಲಿ ಹೆಂಗಸಿಗಾಗಲಿ ಉಸಿರು ಕಟ್ಟುತ್ತದೆ. (ಸೊಸೆಯರು ಇದನ್ನು ಓದಿ ನಗುತ್ತಿರಬಹುದು. ನಗಲಿ, ಅವರಿಗೆ ಹಕ್ಕಿದೆ.)

ಹಾಗಾಗಿ ಮೊದಲು ಹೇಳಿದ್ದು, ಕೆಲಸ ಮನೆಯಿಂದ ಆಚೆ ಹೋಗಲಿ. ಮಣಿಪಾಲದಲ್ಲಿ ಒಂದು ಮೇಜು ಬಾಡಿಗೆಗೆ ಹಿಡಿಯಿರಿ. ಕಾರು ಬೇಡ, ಸಿಟಿ ಬಸ್ಸಿನಲ್ಲೇ ಹೋಗಿ. ದಿನಾ ಅದೇ ಹೊತ್ತಿಗೆ ಹತ್ತಿದರೆ ಕಂಡಕ್ಟರ್‌ಗೆ ನೀವು ಯಾರ ಅಳಿಯನೂ ಅಲ್ಲ, ಒಂಬತ್ತು ಗಂಟೆ ಬಸ್ಸಿನವರು. ವಾರಕ್ಕೆರಡು ಸಂಜೆ ಷಟಲ್ ಆಡಲು ಹೋಗಿ, ಆದರೆ ಹೆಂಡತಿಯ ಕಸಿನ್‌ಗಳು ಆಡುವ ಕಡೆ ಬೇಡ. ರಾತ್ರಿ ಊಟ ಮಹಡಿಯಲ್ಲೇ ಆಗಲಿ. ಮುದ್ದೆ ನೀವೇ ಮಾಡಿ, ಒಂದು ದಿನ ಮಾವನಿಗೂ ಬಡಿಸಿ. ತುಳು ಮಗಳ ಹತ್ತಿರ ಕಲಿಯಿರಿ. ಅವಳಿಗೆ ಅಪ್ಪನಿಗೆ ಪಾಠ ಹೇಳುವ ಖುಷಿ, ನಿಮಗೆ ತಪ್ಪು ಮಾತಾಡಲು ನಾಚಿಕೆ ಇಲ್ಲ.

ವಿನಯಾಗೂ ಹೇಳುವುದಿತ್ತು. ನೀವು ತವರಿಗೆ ಬಂದಿದ್ದೀರಿ, ಅವರು ವಲಸೆ ಬಂದಿದ್ದಾರೆ. ಒಂದೇ ಲಾರಿಯಲ್ಲಿ ಸಾಮಾನು ತಂದರೂ ಇಬ್ಬರ ಪ್ರಯಾಣ ಒಂದೇ ಅಲ್ಲ. ಅವರು "ನಿಮ್ಮ ಊರು" ಅಂತ ಬೈದಾಗ ಊರಿನ ಪರ ವಾದಕ್ಕೆ ಇಳಿಯಬೇಡಿ. ನೆಂಟರ ಮನೆಗೆ ಹೋದಾಗ ಅವರ ಹೆಸರು ಹೇಳಿ ಪರಿಚಯ ಮಾಡಿಸಿ. ಅತ್ತೆಯನ್ನು ನೋಡಲು ಎರಡು ತಿಂಗಳಿಗೊಮ್ಮೆ ತುಮಕೂರಿಗೆ ನೀವೂ ಹೋಗಿ.

ವಾಪಸ್ ಹೋಗುವ ತೀರ್ಮಾನವನ್ನು ಮುಂದಿನ ಮಾರ್ಚ್‌ವರೆಗೆ ಮುಂದಕ್ಕೆ ಹಾಕಿ ಅಂದೆ. ಇದಕ್ಕೆ ಕಾರಣ ಇದೆ. ರವಿ ನೋಡಿದ್ದು ಈ ಊರಿನ ಅರ್ಧ ವರ್ಷ ಮಾತ್ರ, ಅದೂ ಮುಚ್ಚಿಕೊಂಡ ಅರ್ಧ. ಮೇ ಕೊನೆಯಲ್ಲಿ ಪತ್ತನಾಜೆ ಅಂತ ಒಂದು ದಿನ ಬರುತ್ತದೆ; ಅವತ್ತಿಗೆ ಯಕ್ಷಗಾನ ಮೇಳಗಳು ಆಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಭೂತಾರಾಧನೆಯ ಕೋಲ ನೇಮಗಳೂ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆ ಬಂದರಿನಲ್ಲಿ ದೋಣಿಗಳು ಸಾಲಾಗಿ ಸುಮ್ಮನೆ ನಿಂತಿರುತ್ತವೆ. ಕಡಲಿಗೆ ಇಳಿಯುವ ಹಾಗಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಇಲ್ಲಿಯವರೇ ಆಗ ಮನೆಯೊಳಗೆ ಮುದುಡಿ ಕೂರುತ್ತಾರೆ. ದೀಪಾವಳಿ ಕಳೆದ ಮೇಲೆ ನೋಡಿ: ಬಯಲಾಟ, ಕಂಬಳ, ಗದ್ದೆಯಲ್ಲಿ ವಾಲಿಬಾಲ್. ಅದನ್ನೂ ಕಂಡು, ಆಮೇಲೂ ಬೇಡ ಅನ್ನಿಸಿದರೆ ಹೊರಡಿ. ಅದು ಸೋಲಲ್ಲ. ಅಲ್ಲಿಯವರೆಗೆ ಬೆಂಗಳೂರಿನ ಫ್ಲ್ಯಾಟ್ ಮಾರಬೇಡಿ, ಬಾಡಿಗೆಗೆ ಕೊಡಿ. ಇಲ್ಲಿ ಸೈಟೂ ಕೊಳ್ಳಬೇಡಿ. ಮಾವ ಎಷ್ಟೇ ಒಳ್ಳೆ ಸೈಟು ತೋರಿಸಲಿ.

ಈಗ ಅಕ್ಟೋಬರ್. ನಿದ್ದೆ ಬಹಳ ಮಟ್ಟಿಗೆ ಸರಿಹೋಗಿದೆ, ವೈದ್ಯರ ಹತ್ತಿರ ಹೋಗುವ ಅಗತ್ಯ ಬೀಳಲಿಲ್ಲ. ಮಣಿಪಾಲದ ಮೇಜು, ಷಟಲ್ ಎರಡೂ ನಡೆದಿವೆ. ಫ್ಲ್ಯಾಟಿಗೆ ಬಾಡಿಗೆಯವರು ಬಂದಿದ್ದಾರೆ. ರಾತ್ರಿ ಊಟ ಮಹಡಿಗೆ ಹೋದದ್ದು ಮಾತ್ರ ಮಾಸ್ಟ್ರಿಗೆ ನೋವಾಗಿದೆ. "ನಮ್ಮದೇನು ತಪ್ಪಾಯಿತು?" ಅಂತ ವಿನಯಾ ಹತ್ತಿರ ಕೇಳಿದ್ದಾರೆ. ಮುಂದಿನ ಸಲ ಅವರನ್ನೂ ಕರೆತನ್ನಿ ಅಂದಿದ್ದೇನೆ. "ಇಂಥ ಕಡೆಗೆಲ್ಲ ಅಪ್ಪ ಬರುವುದು ಸಂಶಯ" ಅನ್ನುತ್ತಾರೆ ವಿನಯಾ. ರವಿ ತಾವೇ ಕೇಳಿನೋಡುತ್ತಾರಂತೆ.