ದಾವಣಗೆರೆಯಲ್ಲಿ ಪಕ್ಷೇತರರಿಗೆ ಮಾಧ್ಯಮದಲ್ಲಿ ನ್ಯಾಯವಾದ ಜಾಗ ಸಿಗುತ್ತಾ?

ಇಲ್ಲ, ಸಿಗುವುದಿಲ್ಲ. 2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ 42 ಸಾವಿರಕ್ಕೂ ಜಾಸ್ತಿ ಮತ ಪಡೆದರು. ಗೆದ್ದವರ ಅಂತರವೇ ಸುಮಾರು 26 ಸಾವಿರ. ಅಂಥವರ ಮಾತು ಮತದಾರರಿಗೆ ಮೊದಲೇ ಗೊತ್ತಾಗಬೇಕಿತ್ತು, ಅಲ್ವಾ?

ಎಲ್ಲರಿಗೂ ಸಮನಾಗಿ ಜಾಗ ಕೊಡಿ ಅನ್ನುವ ಕಾನೂನು ಖಾಸಗಿ ಚಾನೆಲ್, ಪತ್ರಿಕೆಗಳಿಗೆ ಇಲ್ಲ. ದೂರದರ್ಶನ, ಆಕಾಶವಾಣಿಯ ಉಚಿತ ಸಮಯವೂ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ಮತಯಂತ್ರದಲ್ಲೂ ಪಕ್ಷೇತರರ ಹೆಸರು ಕೊನೆಯ ಗುಂಪಿನಲ್ಲೇ.

ಬೆಳಿಗ್ಗೆ ಹೋಟೆಲಿನಲ್ಲಿ ಪೇಪರ್ ಬಿಡಿಸಿದರೆ ದೊಡ್ಡವರ ರೋಡ್ ಶೋ ಫೋಟೊ ಅರ್ಧ ಪುಟ. ಉಳಿದವರೆಲ್ಲ ಸೇರಿ ‘ಇತರರು’, ಒಂದೇ ಸಾಲು. ನನಗೆ ಬೇಜಾರಾಗುವುದು ಇಲ್ಲೇ. ಅರ್ಧ ಪುಟ ಬೇಡ, ಪ್ರತಿಯೊಬ್ಬರಿಗೂ ಒಂದು ಪ್ರಶ್ನೆಯನ್ನಾದರೂ ಕೇಳಿ ಉತ್ತರ ಹಾಕಲಿ. ಭದ್ರಾ ನಾಲೆಯ ನೀರನ್ನು ಕೊನೆಯ ಹೊಲದವರೆಗೆ ಹೇಗೆ ಮುಟ್ಟಿಸುತ್ತೀರಿ ಅಂತ ಕೇಳಲಿ.