ಪಗಾರ ಯಾವ ಭಾಷಾದ್ದು?

‘ಬೆಳಗಾವಿ ಹುಡುಗರು ಕನ್ನಡಕ್ಕೆ ಮರಾಠಿ ಬೆರೆಸಿ ಮಾತಾಡ್ತೀರಲ್ಲ, ನಿಮಗೇ ಅದು ತಪ್ಪು ಅನ್ನಿಸಲ್ವಾ?’ ಅಂತ ಕೇಳಿದ್ರಿ.

ಬೆರಸಾಕತ್ತೇವಿ ಅಂತ ಗೊತ್ತಿದ್ರ ಅಲ್ಲೇನ್ರಿ ತಪ್ಪು ಅನಸೂದು! ಸೂಟಿ (ರಜೆ), ಪಗಾರ (ಸಂಬಳ), ಖೋಲಿ (ಕೋಣೆ) ಮರಾಠಿಯವರ ಮನ್ಯಾಗೂ ಅದಾವು ಅಂತ ನನಗ ತಿಳಿದದ್ದ ಎಂ.ಎ.ಗೆ ಬಂದ ಮ್ಯಾಲೆ. ನಮ್ಮವ್ವಗ ಅವು ಇವತ್ತಿಗೂ ಅಚ್ಚಗನ್ನಡ. ನಮ್ಮ ಕ್ಲಾಸಿನ್ಯಾಗ ನಿಪ್ಪಾಣಿ, ಅಥಣಿಯವರ ಜೋಡಿ ಗಡಿ ಆಚಿ ಜತ್ತದ ಕನ್ನಡ ಸಾಲ್ಯಾಗ ಕಲ್ತಾಂವ ಒಬ್ಬ ಇದ್ದ. ಆಂವ ಕಂಡಕ್ಟರ್ ಜೋಡಿ ಮರಾಠಿ, ನಮ್ಮ ಜೋಡಿ ಕನ್ನಡ, ಫೋನಿನ್ಯಾಗ ತಂಗಿ ಜೋಡಿ ಎರಡೂ ಮಾತಾಡ್ತಿದ್ದ.

ಬೆರಕಿ ಒಂದ ಕಡೆಯಿಂದ ಆಗೂದಲ್ಲ. ಪುಣೆದ ಮರಾಠಿಯಾಗ ಹೋಗ್ತೇನಿ ಅನ್ನಾಕ ಗಂಡಸು ‘ಜಾತೋ’, ಹೆಂಗಸು ‘ಜಾತೇ’ ಅನಬೇಕು. ನಮ್ಮ ಕಡೆ ಮರಾಠಿ ಮಾತಾಡೂ ಎಷ್ಟೋ ಹೆಣ್ಮಕ್ಕಳೂ ‘ಜಾತೋ’ ಅಂತಾರ. ಕನ್ನಡದ ‘ಹೋಗ್ತೇನಿ’ಗೆ ಗಂಡು ಹೆಣ್ಣು ಭೇದ ಇಲ್ಲಲ್ರಿ! ಸಾಂಗ್ಲಿ ಹತ್ತಿರದ ಕುಪವಾಡದ ಬಗ್ಗೆ ಗಂಪರ್ಝ್ ಮತ್ತ ವಿಲ್ಸನ್ ಅನ್ನೂ ಭಾಷಾ ಸಂಶೋಧಕರು 1971ರಾಗ ಒಂದು ಲೇಖನ ಬರದಾರ. ಆ ಊರ ಕನ್ನಡ, ಮರಾಠಿ, ಉರ್ದುವಿನ ಶಬ್ದ ಬ್ಯಾರೆ ಬ್ಯಾರೆ, ವಾಕ್ಯದ ಎಲುವು ಬಹುತೇಕ ಒಂದ. ಅದನ್ನ ಓದಿದಾಗ ನಮ್ಮ ಹಾಸ್ಟೆಲ್ಲಿನ ಮಾತು ಯಾರೋ ಕದ್ದು ಕೇಳ್ಯಾರ ಅನಸಿತು.

ನವೆಂಬರ್ 1ರ ಸುದ್ದಿ ಬ್ಯಾರೆ. ಊರಾಗ ಒಂದು ಕಡೆ ರಾಜ್ಯೋತ್ಸವ, ಒಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕ ಸೇರಬೇಕು ಅನ್ನವರ ಕರಾಳ ದಿನ. ದಿನಾ ಮರಾಠಿಯಾಗ ‘ಕಾಯ್ ರೇ’ (ಏನೋ) ಅಂತ ಕರಿಯೂ ಹುಡುಗನೂ ಅವತ್ತ ನಾಲಿಗಿ ಬಿಗಿ ಹಿಡೀತಾನ. ಎರಡನೇ ತಾರೀಖಿಗೆ ಮತ್ತ ‘ಕಾಯ್ ರೇ’.

ನಾಚಿಕಿ ಹತ್ತೂದು ಊರು ಬಿಟ್ಟ ಮ್ಯಾಲೆ. ನನ್ನ ಗೆಳೆಯ ಬೆಂಗಳೂರಿನ ಒಂದು ಆಫೀಸಿನ್ಯಾಗ ‘ಪಗಾರ ಯಾವಾಗ ಆಗತೈತ್ರಿ?’ ಅಂದ. ಕೂತವರೆಲ್ಲ ನಕ್ರಂತ. ನಕ್ಕವರ ಬಾಯಾಗ ಇದ್ದದ್ದು ‘ಸ್ಯಾಲರಿ’. ಪಗಾರ ಪೋರ್ಚುಗೀಸರ ಹಡಗಿನ್ಯಾಗ ಬಂದದ್ದು, ಸ್ಯಾಲರಿ ಇಂಗ್ಲಿಷರದು. ಎರಡೂ ಪರದೇಶಿ ಮಾಲ, ಆದ್ರ ಒಂದಕ್ಕ ಮರ್ಯಾದಿ, ಒಂದಕ್ಕ ನಗಿ. ಖರೇ ಹೇಳಬೇಕಂದ್ರ ನಾವೂ ಕಡಿಮಿ ಇಲ್ಲ. ಹಳ್ಳಿಯಿಂದ ಹೊಸದಾಗಿ ಬಂದಾಂವ ಮರಾಠಿ ಬೆರಸಿದ್ರ ‘ಹಳ್ಳಿಗುಗ್ಗು’ ಅಂತೇವಿ, ಇಂಗ್ಲಿಷ್ ಬೆರಸಿದ್ರ ‘ಶಾಣ್ಯಾ’ ಅಂತೇವಿ.

ಗೆಳೆಯ ದೀಪಾವಳಿಗೆ ಊರಿಗೆ ಬಂದು, ‘ಯವ್ವಾ, ಸ್ಯಾಲರಿ ಆತು’ ಅಂದ.

‘ಅದಿರ್ಲೋ, ಪಗಾರ ಆಗೇತಿಲ್ಲೋ?’ ಅಂದಳು ಅವರವ್ವ.